ಬಾರ್ಲಿ ಕಂಪನಿಯ ಎಮ್ಮೆಗಳು

ನನಗೆ ಗಂಡು ಗೊತ್ತುಮಾಡಿದಾಗ ಹುಡುಗ ತುಮಕೂರಿನ ಬಾರ್ಲಿ ಕಂಪನಿಯಲ್ಲಿ ಕೆಮಿಸ್ಟ್ ಎಂದು ಹೇಳಿದ್ದರು. ಹೇಳಿದವರು ಎರಡೂ ಮನೆಗೆ ಬೇಕಾದ ಒಬ್ಬ ಹಿರಿಯರು. ಸುಳ್ಳು ಹೇಳುವವರಲ್ಲ, ಇಲ್ಲಿಯೂ ಹೇಳಿರಲಿಲ್ಲ. ಆ ಕಂಪನಿಯ ಹಿಂಬಾಗಿಲಿನಿಂದ ಬಾರ್ಲಿ ಮೂಟೆ ಮೂಟೆಯಾಗಿ ಒಳಗೆ ಹೋಗುತ್ತಿದ್ದದ್ದು ನಿಜ. ಮುಂಬಾಗಿಲಿನಿಂದ ಅದು ಏನಾಗಿ ಹೊರಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ, ಅವರೂ ಮೇಲೆ ಬಿದ್ದು ಹೇಳಲಿಲ್ಲ.

ನಮ್ಮಪ್ಪ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಯದೆ ನೀರು ಕೂಡ ಮುಟ್ಟದ ಮನುಷ್ಯ. ಅವರಿಗೆ ಗೊತ್ತಿದ್ದ ಬಾರ್ಲಿ ಎಂದರೆ ಜ್ವರ ಬಿಟ್ಟವರಿಗೆ ಕುಡಿಸುವ ತೆಳ್ಳನೆಯ ಗಂಜಿ. ಲಗ್ನಪತ್ರಿಕೆ ಹಂಚುವಾಗ ಮನೆಮನೆಯಲ್ಲೂ, "ಅಳಿಯಂದ್ರು ಕಾಯಿಲೆಯೋರಿಗೆ ಆಹಾರ ತಯಾರು ಮಾಡೋ ಕಂಪ್ನೀಲಿದಾರೆ. ಪುಣ್ಯದ ಕೆಲಸ" ಎಂದು ಹೇಳಿಕೊಂಡು ಬಂದರು. ಜನ ತಲೆದೂಗಿದರು. ಒಬ್ಬ ಮುದುಕಿಯಂತೂ ನನ್ನ ಗಲ್ಲ ಹಿಡಿದು, ನಿನ್ನ ಕೈಹಿಡಿಯುವವನು ಡಾಕ್ಟರಿಗೆ ಸಮಾನ ಎಂದಳು. ನಾನೂ ಹಾಗೆಯೇ ನಂಬಿಕೊಂಡು, ಸ್ವಲ್ಪ ಜಂಬದಿಂದಲೇ ತಾಳಿ ಕಟ್ಟಿಸಿಕೊಂಡೆ.

ತುಮಕೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಗಂಡನ ಮನೆ ಹಳೇ ಊರಿನ ಒಂದು ಇಕ್ಕಟ್ಟು ಬೀದಿಯಲ್ಲಿತ್ತು. ಮುಂದೆ ಜಗಲಿ, ಜಗಲಿಯ ಪಕ್ಕಕ್ಕೆ ಬಾಡಿಗೆಗೆಂದು ಕಟ್ಟಿಸಿದ ಒಂದು ಕೋಣೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಎಮ್ಮೆಯ ಕೊಟ್ಟಿಗೆ. ಮಾವ ಇರಲಿಲ್ಲ. ನಮ್ಮವರು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿ, ಮಗನನ್ನು ಬಿ.ಎಸ್ಸಿ. ಓದಿಸಿದವರು ಅತ್ತೆ. ಹಾಗಾಗಿ ಆ ಮನೆಯಲ್ಲಿ ಮೊದಲ ಮರ್ಯಾದೆ ಎಮ್ಮೆಗಳಿಗೆ, ಆಮೇಲಿನದು ಮಗನಿಗೆ. ನನ್ನ ಸ್ಥಾನ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರ ಅಂಗಿಗೆ ಒಂದು ವಾಸನೆ ಇರುತ್ತಿತ್ತು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುವಾಗ ಬರುತ್ತದಲ್ಲ, ಅಂಥದ್ದೇ; ಅದಕ್ಕಿಂತ ತುಸು ಸಿಹಿ. ಒಗೆಯಲು ಹಾಕುವ ಮುಂಚೆ ನಾನು ಯಾರೂ ನೋಡದ ಹಾಗೆ ಒಮ್ಮೆ ಮೂಸುತ್ತಿದ್ದೆ. ಹೊಸದಾಗಿ ಮದುವೆಯಾದವಳಿಗೆ ಗಂಡನ ಮೇಲಿನ ಪ್ರೀತಿ ಯಾವುದು, ಬಾರ್ಲಿಯ ಮೇಲಿನ ಪ್ರೀತಿ ಯಾವುದು ಎಂದು ಬೇರೆ ಮಾಡಿ ನೋಡುವಷ್ಟು ವಿವೇಕ ಇರಲಿಲ್ಲ.

ಒಂದು ಭಾನುವಾರ ಮಾರ್ಕೆಟ್ಟಿನಿಂದ ತರಕಾರಿ ತರುವಾಗ ಸುಮ್ಮನೆ ಕೇಳಿದೆ. "ರೀ, ನಿಮ್ಮ ಬಾರ್ಲಿನ ನಾನು ಅಂಗಡೀಲಿ ನೋಡೇ ಇಲ್ವಲ್ಲ. ಡಬ್ಬೀಲಿ ಬರತ್ತಾ, ಪ್ಯಾಕೆಟ್ಟಾ?"

"ಬಾಟ್ಲೀಲಿ" ಅಂದರು.

"ಗಂಜಿ ಬಾಟ್ಲೀಲಾ?"

ಅವರು ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಸ್ವಲ್ಪ ದೂರ ನಡೆದರು. ಆಮೇಲೆ, "ಬಿಯರ್ ಕಣೇ" ಅಂದರು.

ನನಗೆ ಹೆಂಡ ಗೊತ್ತಿತ್ತು, ಸಾರಾಯಿ ಗೊತ್ತಿತ್ತು. ಎರಡರ ಅಂಗಡಿಗಳೂ ಗುಬ್ಬಿಯಲ್ಲಿದ್ದವು. ಅವುಗಳ ಮುಂದೆ ಹಾದುಹೋಗುವಾಗ ಅಮ್ಮ ನನ್ನ ಮುಖವನ್ನು ಸೆರಗಿನಿಂದ ಮುಚ್ಚುತ್ತಿದ್ದಳು. ಬಿಯರ್ ಎಂಬುದು ದೊಡ್ಡ ಊರಿನ ಸೂಟು ಬೂಟಿನವರು ಕುಡಿಯುವ ನೊರೆಯ ಪದಾರ್ಥ ಎಂದಷ್ಟೇ ಕೇಳಿದ್ದೆ. "ಅತ್ತೆಗೆ ಗೊತ್ತಾ?" ಎಂದೆ.

"ಅವ್ವ ಕೇಳಿಲ್ಲ."

"ನಮ್ಮಪ್ಪಂಗೆ?"

"ಅವರೂ ಕೇಳಲಿಲ್ಲ."

ಕೇಳದೇ ಇದ್ದದ್ದು ನಮ್ಮದೇ ತಪ್ಪು ಎನ್ನುವ ಧಾಟಿ. ನನಗೆ ಕೋಪ ಬರಬೇಕಾಗಿತ್ತು. ಆದರೆ ಆ ಮನುಷ್ಯ ಬೀದಿಯ ನಡುವೆ ನಿಂತು, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಬದನೆಕಾಯಿ ಚೀಲ ಹಿಡಿದುಕೊಂಡಿದ್ದನ್ನು ನೋಡಿ ನಗು ಬಂತು. ಒಮ್ಮೆ ನಕ್ಕ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ.

ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಮರುದಿನ ಕೊಟ್ಟಿಗೆಯಲ್ಲಿ ಅತ್ತೆಯ ಹತ್ತಿರ ಮಾತು ತೆಗೆದೆ. ಅವರು ಹಾಲು ಕರೆಯುತ್ತಿದ್ದರು. "ಅತ್ತೆ, ಅವರ ಫ್ಯಾಕ್ಟರೀಲಿ ಏನ್ ಮಾಡ್ತಾರೆ ಅಂತ ನಿಮಗೆ ಗೊತ್ತಾ?"

"ಬಾರ್ಲಿ ಬೇಯಿಸ್ತಾರೆ."

"ಬೇಯಿಸಿ?"

ಅತ್ತೆ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ನೋಡವ್ವ, ನಾನು ಕೇಳಿದ್ರೆ ಅವ್ನು ನಿಜಾನೇ ಹೇಳ್ತಾನೆ. ಅವ್ನಿಗೆ ಸುಳ್ಳು ಬರಾಕಿಲ್ಲ. ಅವ್ನು ಹೇಳ್ಬುಟ್ರೆ ಆಮೇಕೆ ನಾನು ಏನಾದ್ರೂ ಮಾಡ್ಬೇಕಾಯ್ತದೆ. ಈ ವಯಸ್ನಾಗೆ ನಂಗ್ಯಾಕೆ ಅದೆಲ್ಲ. ಆ ತಂಬಿಗೆ ಇತ್ಲಾಗೆ ಕೊಡು."

ಕೊಟ್ಟೆ. ಆ ಮನೆಯಲ್ಲಿ ಆ ವಿಷಯದ ಚರ್ಚೆ ಅಲ್ಲಿಗೆ ಮುಗಿಯಿತು.

ಆ ಫ್ಯಾಕ್ಟರಿ ಹುಟ್ಟಿದ ಕತೆಯನ್ನು ನಮ್ಮವರು ಆಮೇಲೆ ಬಿಡಿಬಿಡಿಯಾಗಿ ಹೇಳಿದರು. ಅದರ ಧಣಿ ಹುತ್ರಿದುರ್ಗದ ಕಡೆಯವರು. ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸಿ ಕೈ ಸುಟ್ಟುಕೊಂಡಿದ್ದರು. ಯಾವುದೋ ಯಂತ್ರ ಕೊಳ್ಳಲು ಕರಾವಳಿಯ ಬಂದರಿನ ಊರಿಗೆ ಹೋದಾಗ ಅಲ್ಲಿ ಹಳೆಯದೊಂದು ಬಿಯರ್ ಫ್ಯಾಕ್ಟರಿ ಕಣ್ಣಿಗೆ ಬಿತ್ತಂತೆ. ಹಡಗಿನಿಂದ ಇಳಿದವರಿಗೆಂದು ಬ್ರಿಟಿಷರ ಕಾಲದಲ್ಲಿ ಶುರುವಾದದ್ದು, ಮುಚ್ಚುವ ಹಂತದಲ್ಲಿತ್ತು. ಧಣಿ ಒಂದು ಗ್ಲಾಸು ಕುಡಿದರು, ಮತ್ತೊಂದು ಕುಡಿದರು, ಅಲ್ಲಿನ ಹಳೇ ತಾಮ್ರದ ಹಂಡೆಗಳನ್ನು ಕೊಂಡರು. ಹಂಡೆಗಳ ಜೊತೆಗೆ ಅಲ್ಲಿನ ಬ್ರೂಮಾಸ್ಟರನ್ನೂ, ಅಂದರೆ ಬಿಯರ್ ಕಾಯಿಸುವ ಕೆಲಸದ ಹಿರಿಯನನ್ನೂ, ಲಾರಿಯಲ್ಲಿ ಕೂರಿಸಿಕೊಂಡು ತುಮಕೂರಿಗೆ ಬಂದರು. ಕುಣಿಗಲ್ ರಸ್ತೆಯ ಪಕ್ಕ ಬೀಗ ಹಾಕಿದ್ದ ಎಣ್ಣೆ ಮಿಲ್ಲಿನಲ್ಲಿ ಹಂಡೆಗಳು ಕೂತವು.

ನೀರು ಹುಡುಕಿದ್ದು ದೊಡ್ಡ ಕತೆ. ಬ್ರೂಮಾಸ್ಟರು ಊರಿನ ಬಾವಿ ಬಾವಿಗೂ ಹೋಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು, ಬಾಯಲ್ಲಿ ಮುಕ್ಕಳಿಸಿ, ಆಕಾಶ ನೋಡಿ ಉಗುಳುತ್ತಿದ್ದರು. ನೀರು ಸೇದಲು ಬಂದ ಹೆಂಗಸರು ಇವರನ್ನು ಶಾಸ್ತ್ರ ಹೇಳುವವರೆಂದುಕೊಂಡು, ನಮ್ಮ ಬಾವಿ ಯಾವಾಗ ಬತ್ತುತ್ತದೆ ಎಂದು ಕೇಳುತ್ತಿದ್ದರಂತೆ. ಕೊನೆಗೆ ಫ್ಯಾಕ್ಟರಿಯ ಹಿಂದಿನ ತೆಂಗಿನ ತೋಟದ ಬಾವಿಯೇ ಸರಿಯೆನಿಸಿತು. ಮೊದಲ ಸಲ ಕಾಯಿಸಿದ್ದು ಕರೆಂಟ್ ಹೋಗಿ, ತಂಪು ಯಂತ್ರ ನಿಂತು ಹುಳಿಯಾಯಿತು. ಎಲ್ಲವನ್ನೂ ಚರಂಡಿಗೆ ಬಿಟ್ಟರು. ಚರಂಡಿಯ ತುಂಬ ನೊರೆ ಎದ್ದು, ಇಲ್ಲಿ ಸಾಬೂನಿನ ಫ್ಯಾಕ್ಟರಿ ಬಂದಿದೆ ಎಂದು ಸುದ್ದಿಯಾಯಿತು. ಅರ್ಜಿ ಹಿಡಿದುಕೊಂಡು ಕೆಲಸ ಕೇಳಲು ಜನ ಬಂದರು.

ಬಾಟಲಿಯ ಮೇಲೆ ಹಚ್ಚುವ ಚೀಟಿಗೆ ತಮ್ಮೂರಿನ ಬೆಟ್ಟದ ಚಿತ್ರವೇ ಬೇಕೆಂದು ಧಣಿ ಹಟ ಹಿಡಿದರು. ಬರೆದವನು ಸಿನಿಮಾ ಬೋರ್ಡು ಬರೆಯುವವನು. ಹುತ್ರಿದುರ್ಗವನ್ನು ಅವನು ಕಂಡಿರಲಿಲ್ಲ. ಧಣಿ ಕೈ ಆಡಿಸಿ ತೋರಿಸಿದ್ದನ್ನು ನೋಡಿ ಬರೆದ. ಅಚ್ಚಾಗಿ ಬಂದಾಗ ಅದು ತಟ್ಟೆಯ ನಡುವೆ ಇಟ್ಟ ರಾಗಿಮುದ್ದೆಯ ಹಾಗೆಯೇ ಇತ್ತು. ಕುಡಿಯುವವರು ಅದಕ್ಕೆ ಮುದ್ದೆ ಬಿಯರ್ ಎಂದೇ ಹೆಸರಿಟ್ಟರು. ಅಂಗಡಿಗೆ ಹೋಗಿ "ಒಂದು ಮುದ್ದೆ ಕೊಡಿ" ಎಂದರೆ ಸಾಕಾಗಿತ್ತು. ಧಣಿಗೆ ಮೊದಮೊದಲು ಅವಮಾನವಾಯಿತು. ಮಾರಾಟ ಏರಿದ ಮೇಲೆ ಆಗಲಿಲ್ಲ.

ಮದುವೆಯಾದ ವರ್ಷವೇ ಆ ಬ್ರೂಮಾಸ್ಟರು ನಮ್ಮ ಬಾಡಿಗೆ ಕೋಣೆಗೆ ಬಂದರು. ಅಲ್ಲಿಯವರೆಗೆ ಫ್ಯಾಕ್ಟರಿಯ ಆಫೀಸಿನಲ್ಲೇ ಮಲಗುತ್ತಿದ್ದರು. ನಮ್ಮವರು ಅತ್ತೆಯ ಹತ್ತಿರ, "ಅವ್ವ, ನಮ್ಮ ಮಾಸ್ಟರಿಗೆ ಒಂದು ರೂಮ್ ಬೇಕಂತೆ" ಎಂದರು.

"ಮೇಷ್ಟ್ರಾ? ಹಂಗಾದ್ರೆ ಬರ್ಲಿ ಬುಡು. ಮೇಷ್ಟ್ರು ಅಂದ್ರೆ ಮರ್ಯಾದಸ್ತರು."

ಹೀಗೆ ಅವರು ನಮ್ಮ ಬೀದಿಗೆ ಮೇಷ್ಟ್ರಾದರು. ಐವತ್ತು ದಾಟಿದ, ಮದುವೆಯಾಗದ, ಬಿಳಿ ಅಂಗಿಯ, ಮೃದು ಮಾತಿನ ಮನುಷ್ಯ. ಮೀನಿಲ್ಲದೆ ಊಟ ಸೇರದವರು, ನಮ್ಮ ಮನೆಯ ನಿಯಮಕ್ಕೆ ಒಪ್ಪಿ ಕೋಣೆಯಲ್ಲಿ ಬರೀ ಅನ್ನ ಸಾರು ಮಾಡಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ಎಲ್ಲಿಗೋ ಹೋಗಿ, ಸಂಜೆ ಸಂತೋಷವಾಗಿ ಬರುತ್ತಿದ್ದರು. ಬೀದಿಯವರು ಮಕ್ಕಳನ್ನು ಕಳಿಸಿ ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು. ಅವರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. "ನಾನು ಅಂಥ ಮೇಷ್ಟ್ರಲ್ಲ ಮಾರಾಯ್ರೆ" ಎಂದು ಹೇಳುತ್ತಲೇ ಭಿನ್ನರಾಶಿ ಬಿಡಿಸಿಕೊಡುತ್ತಿದ್ದರು.

ಸಂಜೆ ಅವರು ಜಗಲಿಯ ಮೇಲೆ ಒಂದು ಸ್ಟೀಲ್ ಲೋಟ ಹಿಡಿದು ಕೂರುತ್ತಿದ್ದರು. ಲೋಟದ ಮೇಲೆ ಒಂದು ತಟ್ಟೆ ಮುಚ್ಚಿರುತ್ತಿತ್ತು. ಅತ್ತೆ ಅದಕ್ಕೆ ಮೇಷ್ಟ್ರ ಕಷಾಯ ಎಂದು ಹೆಸರಿಟ್ಟಿದ್ದರು. ಯಾರಾದರೂ ಕೇಳಿದರೆ, ಸಮುದ್ರದ ಗಾಳಿಗೆ ಒಗ್ಗಿದ ಮೈ, ಇಲ್ಲಿಯ ಒಣಹವೆಗೆ ಕಷಾಯ ಬೇಕಾಗುತ್ತದೆ ಎಂದು ಅತ್ತೆಯೇ ಕಾರಣವನ್ನೂ ಕೊಡುತ್ತಿದ್ದರು. ತಾವು ಹೂಬತ್ತಿ ಹೊಸೆಯುತ್ತ ಕಂಬಕ್ಕೆ ಒರಗಿ ಕೂತು ಮೇಷ್ಟ್ರಿಂದ ಸಮುದ್ರದ ಕತೆ ಕೇಳುತ್ತಿದ್ದರು. ಅತ್ತೆಯ ತವರು ಗುಬ್ಬಿ ಹತ್ತಿರದ ಕಡಬ. ಅವರ ಲೋಕದಲ್ಲಿ ನೀರಿಗೆ ಅಳತೆ ಎಂದರೆ ಆ ಊರಿನ ಕೆರೆ.

"ನಮ್ಮ ಕಡಬದ ಕೆರೆಗಿಂತ ದೊಡ್ಡದಾ ಮೇಷ್ಟ್ರೇ?"

"ದೊಡ್ಡದುಂಟು ಅಮ್ಮ. ಆಚೆ ದಡವೇ ಕಾಣುದಿಲ್ಲ."

"ನಮ್ಮ ಕೆರೇಲೂ ಸಂಜೆಹೊತ್ತು ಮಂಜು ಕವಿದ್ರೆ ಕಾಣಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಮೇಷ್ಟ್ರು ಒಂದು ಗುಟುಕು ಕುಡಿದು, ಇರಬಹುದು ಎನ್ನುತ್ತಿದ್ದರು. ಹೀಗೆ ಎಷ್ಟೋ ಸಂಜೆಗಳಲ್ಲಿ ಅರಬ್ಬೀ ಸಮುದ್ರ ನಮ್ಮ ಜಗಲಿಯ ಮೇಲೆ ಕಡಬದ ಕೆರೆಗೆ ಸೋತಿತು.

ಒಂದು ಬೇಸಿಗೆಯಲ್ಲಿ ನಮ್ಮ ದೊಡ್ಡೆಮ್ಮೆ ಹಾಲು ಕಡಿಮೆ ಮಾಡಿತು. ಹಿಂಡಿ, ಹತ್ತಿಬೀಜ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಅತ್ತೆ ಅದರ ಪಕ್ಕ ಕೂತು ಅಳುವುದೊಂದು ಬಾಕಿ. ಮೇಷ್ಟ್ರು ಇದನ್ನು ನೋಡಿ ಮರುದಿನ ಫ್ಯಾಕ್ಟರಿಯ ಸೈಕಲ್ ಗಾಡಿಯಲ್ಲಿ ಒಂದು ಒದ್ದೆ ಮೂಟೆ ಹಾಕಿಸಿಕೊಂಡು ಬಂದರು. ಬಿಚ್ಚಿದರೆ ಹಬೆಯಾಡುತ್ತಿದ್ದ ಕಂದು ಬಣ್ಣದ ಸಿಪ್ಪೆ.

"ಏನಿದು ಮೇಷ್ಟ್ರೇ?"

"ಬೇಯಿಸಿದ ಬಾರ್ಲಿ ಅಮ್ಮ. ಸಾರ ನಾವು ತೆಗೊಂಡಿದ್ದೇವೆ. ಸಿಪ್ಪೆ ಉಳಿದದ್ದು. ಅಮಲಿನ ಕೆಲಸ ಎಲ್ಲ ಆಮೇಲೆ, ಇದರಲ್ಲಿ ಎಂತದೂ ಇಲ್ಲ." ಅಮಲು ಎಂಬ ಮಾತು ಬಾಯಿತಪ್ಪಿ ಬಂದದ್ದು ಅವರಿಗೇ ಗೊತ್ತಾಗಿ ನಾಲಗೆ ಕಚ್ಚಿಕೊಂಡರು.

ಅತ್ತೆ ಕಿವಿ ಕೇಳದವರ ಹಾಗೆ ಒಂದು ಹಿಡಿ ತೆಗೆದುಕೊಂಡು ಮೂಸಿದರು. ಎಮ್ಮೆಯ ಮುಂದೆ ಹಿಡಿದರು. ಎಮ್ಮೆ ಹಿಡಿಯಷ್ಟನ್ನೂ ತಿಂದು, ಅತ್ತೆಯ ಕೈ ನೆಕ್ಕಿ, ಮೇವಿನ ಬಾನಿಗೆ ಹಾಕುವಷ್ಟರಲ್ಲಿ ಮೂಟೆಗೇ ಮೂತಿ ಹಾಕಿತು. ಆ ವಾರದಲ್ಲೇ ಹಾಲು ಮೊದಲಿನಷ್ಟಾಯಿತು, ಆಮೇಲೆ ಮೊದಲಿಗಿಂತಲೂ ಹೆಚ್ಚಾಯಿತು. ಕೆನೆ ಬೆರಳಿನಷ್ಟು ದಪ್ಪ ಕಟ್ಟುತ್ತಿತ್ತು.

ಅಲ್ಲಿಯವರೆಗೆ ಫ್ಯಾಕ್ಟರಿಯವರು ಆ ಸಿಪ್ಪೆಯನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ತೋಟದಲ್ಲಿ ಗುಂಡಿ ತೋಡಿ ಮುಚ್ಚುತ್ತಿದ್ದರು. ಅತ್ತೆ ಅದನ್ನು ಕೇಳಿ ಕೆಂಡವಾದರು. "ತಿನ್ನೋದನ್ನ ಹೂಳ್ತಾರಾ? ಯಾವನ್ಲಾ ಅವ್ನು ಓದ್ದೋನು?" ಎಂದು ಮಗನನ್ನೇ ಕೇಳಿದರು. ಅಂದಿನಿಂದ ಬೆಳಗಿನ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ನೇರವಾಗಿ ಬಿಯರ್ ಫ್ಯಾಕ್ಟರಿಯ ಗೇಟಿಗೆ ಹೋಗುವುದು ಅವರ ದಿನಚರಿಯಾಯಿತು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಬೀದಿಯ ಎಮ್ಮೆಗಳಿಗೆಲ್ಲ ಬೂಸಾ ಹಂಚಿಸುವರು. ಸುದ್ದಿ ಹಬ್ಬಿ ಕುಣಿಗಲ್ ಕಡೆಯ ಹಳ್ಳಿಗಳಿಂದ ಎತ್ತಿನ ಗಾಡಿಗಳು ಬರತೊಡಗಿದವು. ಮುಂದೆ ನುಗ್ಗಿದವರನ್ನು ಅತ್ತೆ ಹಿಂದಕ್ಕೆ ಕಳಿಸುತ್ತಿದ್ದರು. "ಏನ್ಲಾ, ನಿಂದೊಂದೇನಾ ಎಮ್ಮೆ? ಹಿಂದಕ್ಕೆ ನಿಂತ್ಕೋ." ವಾಚ್‌ಮನ್ ಕೂಡ ಅವರು ಬಂದರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದ. ದಾರಿಯಲ್ಲಿ ಸಿಕ್ಕ ಹೊಸಬರು ಎಲ್ಲಿಗೆ ಹೊರಟಿರಿ ಅಮ್ಮ ಎಂದರೆ, "ಬಾರ್ಲಿ ಕಂಪ್ನಿಗೆ" ಎಂದು ಅವರು ತಲೆಯೆತ್ತಿಯೇ ಹೇಳುತ್ತಿದ್ದರು.

ಆ ದಿನಗಳಲ್ಲಿ ನಮ್ಮಪ್ಪ ಗುಬ್ಬಿಯಿಂದ ಬಂದರು. ಕಾಫಿ ಕುಡಿದು ಲೋಟ ಕೆಳಗಿಡದೆ ಅದನ್ನೇ ನೋಡಿದರು. "ಏನ್ ಗಟ್ಟಿ ಹಾಲು ಅಕ್ಕನೋರೆ. ಏನು ಮೇವು ಹಾಕ್ತೀರಿ?"

"ನಿಮ್ಮ ಅಳಿಯಂದ್ರ ಕಂಪ್ನಿ ಬಾರ್ಲಿ ಬೂಸಾ" ಎಂದರು ಅತ್ತೆ.

"ನೋಡುದ್ರಾ, ಕಾಯಿಲೆಯೋರಿಗೂ ಆಯ್ತು, ಎಮ್ಮೆಗೂ ಆಯ್ತು" ಎಂದು ಅಪ್ಪ ಬಹಳ ಸಂತೋಷಪಟ್ಟರು. ತಾವೂ ಕಂಪನಿ ನೋಡಬೇಕೆಂದು ಅತ್ತೆಯ ಜೊತೆ ಹೊರಟೇಬಿಟ್ಟರು. ನಾನು ಏನಾದರೂ ನೆಪ ಹೇಳಿ ತಡೆಯುವಷ್ಟರಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು. ನಾನೂ ಹಿಂದೆ ಓಡಿದೆ.

ಗೇಟಿನಲ್ಲಿ ಒಂದು ಲಾರಿಗೆ ಬಾಟಲಿಯ ಕ್ರೇಟುಗಳನ್ನು ಏರಿಸುತ್ತಿದ್ದರು. ಅಪ್ಪ ಮೊದಲು ಸೋಡಾ ಎಂದುಕೊಂಡರು. ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಮುದ್ದೆಯ ಚಿತ್ರದ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಓದಿ ಮುಗಿಸಿ ಅತ್ತೆಯ ಕಡೆ ತಿರುಗಿದರು.

"ಇದೇನು ಅಕ್ಕನೋರೆ? ಬಾರ್ಲಿ ಕಂಪ್ನಿ ಅಂದಿದ್ರಲ್ಲ."

"ಬಾರ್ಲೀದೇ ಅಲ್ವಾ."

"ಈ ಬೂಸಾ ತಿಂದ ಎಮ್ಮೆ ಹಾಲನ್ನೇನಾ ನೀವು ಸೋಮ್ವಾರ ಗುಡಿಗೆ ಅಭಿಷೇಕಕ್ಕೆ ಕಳ್ಸೋದು?"

ಅತ್ತೆ ಸಮಾಧಾನವಾಗಿಯೇ ಹೇಳಿದರು. "ಎಮ್ಮೆ ಕುಡಿದಿಲ್ಲ ಬೀಗ್ರೇ. ತಿಂದದೆ ಅಷ್ಟೆ."

ಗಾಡಿಯವರು ನಕ್ಕರು. ಅದು ಅಪ್ಪನಿಗೆ ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದರು. ನಾನು ತಲೆ ತಗ್ಗಿಸಿದೆ. ಅಪ್ಪ ಮನೆಗೆ ಬಂದು ಚೀಲ ತೆಗೆದುಕೊಂಡು ನೇರವಾಗಿ ಬಸ್‌ಸ್ಟ್ಯಾಂಡಿಗೆ ನಡೆದರು. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಗುಬ್ಬಿಯ ಮನೆಮನೆಯಲ್ಲಿ ಪುಣ್ಯದ ಕೆಲಸ ಎಂದು ಹೇಳಿ ಬಂದ ಮನುಷ್ಯ. ಅವರಿಗಾದ ಅವಮಾನ ನನಗೆ ಅರ್ಥವಾಗುತ್ತಿತ್ತು. ಆದರೂ ಆ ವರ್ಷದ ಗೌರಿ ಹಬ್ಬಕ್ಕೆ ಅವರು ಬಾಗಿನವನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ್ದು ನನ್ನನ್ನು ಅಳಿಸಿತು. ಪಾಪ, ಆ ಕಂಡಕ್ಟರನೇ ಮುಜುಗರಪಟ್ಟುಕೊಂಡು, "ತಂಗೀ, ಅಪ್ಪಾರಿಗೆ ಅಂಗಡೀಲಿ ಕೆಲ್ಸ ಜಾಸ್ತಿಯಂತೆ" ಎಂದು ತಾನೇ ಒಂದು ನೆಪ ಕಟ್ಟಿ ಹೇಳಿದ. ಅತ್ತೆ ಅವನನ್ನು ಕೂರಿಸಿ ಹೋಳಿಗೆ ಬಡಿಸಿದರು. ತವರಿನ ಕಡೆಯಿಂದ ಬಂದವನೆಂದು ಆ ಹಬ್ಬದಲ್ಲಿ ನನಗೆ ಸಿಕ್ಕವನು ಅವನೊಬ್ಬನೇ.

ಅಪ್ಪ ಮತ್ತೆ ನಮ್ಮ ಮನೆಗೆ ಬಂದದ್ದು ಕೋಪ ಇಳಿದು ಅಲ್ಲ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತ್ತು. ನೋವು ತಾಳಲಾರದೆ ಒದ್ದಾಡುತ್ತಿದ್ದವರನ್ನು ಅಮ್ಮ ಕಾರು ಮಾಡಿಸಿಕೊಂಡು ತುಮಕೂರಿನ ಡಾಕ್ಟರ ಹತ್ತಿರ ಕರೆತಂದಳು. ಅಲ್ಲಿಂದ ನಮ್ಮ ಮನೆಗೆ. ಬೇಡ ಎನ್ನುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನವೂ ಚೆನ್ನಾಗಿ ಬಾರ್ಲಿ ನೀರು ಕುಡಿಸಿ ಎಂದಿದ್ದರು.

ನಾನು ಊರೆಲ್ಲ ಸುತ್ತಿದೆ. ಆ ವಾರ ಯಾವ ಅಂಗಡಿಯಲ್ಲೂ ಬಾರ್ಲಿ ಇರಲಿಲ್ಲ. ಬರಿಗೈಯಲ್ಲಿ ವಾಪಸು ಬಂದಾಗ ಜಗಲಿಯ ಮೇಲೆ ಅತ್ತೆ, ಮೇಷ್ಟ್ರು, ನಮ್ಮವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಮೂವರಿಗೂ ಒಂದೇ ಯೋಚನೆ, ಬಾಯಿ ಬಿಡಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಅತ್ತೆಯೇ, "ಮೊಳಕೆ ಬರ್ಸದೆ ಇರೋ ಬಾರ್ಲೀನೂ ಅಲ್ಲಿ ಇರ್ತದಲ್ಲ ಮೇಷ್ಟ್ರೇ?" ಎಂದರು. ಮೇಷ್ಟ್ರು ಎದ್ದು ಸೈಕಲ್ ಹತ್ತಿದರು.

ಅತ್ತೆ ಒರಳಿನಲ್ಲಿ ಬಾರ್ಲಿ ಕುಟ್ಟಿ, ಕೇರಿ, ಬೇಯಿಸಿ, ಸೋಸಿ, ನಿಂಬೆಹಣ್ಣು ಹಿಂಡಿ ತಾವೇ ಅಪ್ಪನ ಮುಂದೆ ಇಟ್ಟರು. ಅಪ್ಪ ಲೋಟ ಹಿಡಿದು ಕೇಳಿದರು. "ಎಲ್ಲಿ ಸಿಕ್ತು?"

"ಅಂಗಡೀಲಿ ಸಿಗ್ಲಿಲ್ಲ ಬೀಗ್ರೇ" ಎಂದರು ಅತ್ತೆ. ಅಷ್ಟೇ ಹೇಳಿ ಎಮ್ಮೆಗೆ ನೀರಿಡಲು ಹೋದರು.

ಅಪ್ಪ ಲೋಟವನ್ನು ಕೆಳಗಿಡಲು ಹೋದರು. ಅಷ್ಟರಲ್ಲಿ ನೋವಿನ ಇನ್ನೊಂದು ಅಲೆ ಬಂತು. ಕಣ್ಣು ಮುಚ್ಚಿಕೊಂಡು ಗಟಗಟನೆ ಕುಡಿದರು. ಸಂಜೆಗೆ ಎರಡನೆಯ ಲೋಟವನ್ನು ಅವರೇ ಕೇಳಿದರು.

ಕಲ್ಲು ಬೀಳುವವರೆಗೆ ಅಪ್ಪ ನಮ್ಮಲ್ಲೇ ಉಳಿದರು. ಮಲಗಿ ಮಲಗಿ ಬೇಸರವಾಗಿ ಸಂಜೆ ಜಗಲಿಗೆ ಬಂದು ಕೂರತೊಡಗಿದರು. ಒಂದು ಕಂಬಕ್ಕೆ ಒರಗಿ ಅಪ್ಪ, ಇನ್ನೊಂದಕ್ಕೆ ಒರಗಿ ಮೇಷ್ಟ್ರು. ಇಬ್ಬರ ಕೈಯಲ್ಲೂ ಬಾರ್ಲಿಯ ಲೋಟ. ಒಂದಕ್ಕೆ ಮಾತ್ರ ತಟ್ಟೆ ಮುಚ್ಚಿರುತ್ತಿತ್ತು. ಮೊದಲ ದಿನ ಮಾತಿಲ್ಲ. ಆಮೇಲೊಂದು ದಿನ ಮೇಷ್ಟ್ರು ಜೇಬಿನಿಂದ ಮೊಳಕೆ ಬರಿಸಿ ಒಣಗಿಸಿದ ಒಂದು ಹಿಡಿ ಬಾರ್ಲಿ ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಅಪ್ಪ ಸುಮ್ಮನಿರಲಾರದೆ ಕೈ ಚಾಚಿದರು. ತಾವೂ ಒಂದು ಕಾಳು ಕಚ್ಚಿದರು.

"ಒಳಗೆ ಪಸೆ ಅದೆ" ಎಂದರು ಅಪ್ಪ. "ಹಿಂಗೇ ಮೂಟೆ ಕಟ್ಟುದ್ರೆ ಬೂಷ್ಟು ಹಿಡಿಯತ್ತೆ. ಕೊಬ್ಬರಿಗೂ ಹಿಂಗೇ."

"ಅದೇ ನನಗೂ ಸಂಶಯ" ಎಂದರು ಮೇಷ್ಟ್ರು. "ನೀವು ಕೊಬ್ಬರಿ ಒಣಗಿದ್ದು ಹೇಗೆ ನೋಡುದು?"

ಅಪ್ಪ ಹೇಳತೊಡಗಿದರು. ಅಟ್ಟದ ಮೇಲೆ ಕಾಯಿ ಇಡುವುದು, ಅಲ್ಲಾಡಿಸಿ ಕಿವಿಗೆ ಹಿಡಿಯುವುದು, ಒಡೆದಾಗ ಬರುವ ವಾಸನೆ. ಮೇಷ್ಟ್ರು ಮೊಳಕೆಯ ಉದ್ದ, ನೆಲದ ಮೇಲೆ ಹರಡುವ ದಪ್ಪ, ಗಾಳಿ ಎಂದು ಶುರು ಮಾಡಿದರು. ಒಳಗೆ ಮುದ್ದೆ ಆರುತ್ತಿದೆ ಎಂದು ನಾನು ಕರೆದರೂ ಇಬ್ಬರೂ ಏಳಲಿಲ್ಲ. ಮರುದಿನ ಅಪ್ಪ ಫ್ಯಾಕ್ಟರಿಯ ಒಣಗಿಸುವ ಅಟ್ಟ ನೋಡಲು ಹೋದರು. ಲಾರಿ ನಿಲ್ಲುವ ಕಡೆ ತಲೆ ಹಾಕಲಿಲ್ಲ, ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದಲೇ ಬಂದರು.

ಊರಿಗೆ ಹೊರಟ ದಿನ ಅಪ್ಪ ಅಳಿಯನನ್ನು ಕರೆದು, "ನಾಳೆ ಗುಬ್ಬೀಲಿ ಯಾರಾದ್ರೂ ಕೇಳುದ್ರೆ ಏನ್ ಹೇಳ್ಳಿ?" ಎಂದರು.

"ನಿಜಾನೇ ಹೇಳಿ ಮಾವ."

"ಬಾರ್ಲಿ ಕಂಪ್ನಿ ಅಂತ್ಲೇ ಹೇಳ್ತೀನಿ ಬಿಡಿ" ಎಂದರು. ಆಮೇಲೆ ಅವರು ಹಾಗೆಯೇ ಹೇಳುತ್ತಿದ್ದರು, ಆದರೆ ಹೇಳುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದರು ಎಂದು ಅಮ್ಮ ಹೇಳಿದಳು. ಮುಂದಿನ ಗೌರಿ ಹಬ್ಬಕ್ಕೆ ಬಾಗಿನವನ್ನು ಅವರೇ ಹೊತ್ತು ತಂದರು.

ಎಂಬತ್ತರ ದಶಕ ಅರ್ಧ ಕಳೆಯುವವರೆಗೂ ಫ್ಯಾಕ್ಟರಿ ಚೆನ್ನಾಗಿಯೇ ನಡೆಯಿತು. ಅದರ ಉಚ್ಛ್ರಾಯದ ಕಾಲದಲ್ಲೇ ಒಂದು ಲಾರಿ ಕುಣಿಗಲ್ ದಾರಿಯ ತಿರುವಿನಲ್ಲಿ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾಟಲಿಗಳನ್ನು ನೋಡಿಕೊಂಡು ಬರಲು ಧಣಿ ನಮ್ಮವರನ್ನು ಕಳಿಸಿದರು. ಹೋಗಿ ನೋಡಿದರೆ ಗದ್ದೆಯ ಬದುವಿನ ಮೇಲೆ ಒಂದು ಚೂರು ಗಾಜು ಸಹ ಇರಲಿಲ್ಲ. ಪಕ್ಕದ ಹಳ್ಳಿಯವರು ಇವರನ್ನು ಕೂರಿಸಿ, ಎಳನೀರು ಕೆತ್ತಿಕೊಟ್ಟು, ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದರು. ಅಷ್ಟು ಪ್ರೀತಿಯ ಜನರನ್ನು ತಾವು ಜೀವಮಾನದಲ್ಲೇ ಕಂಡಿರಲಿಲ್ಲವೆಂದು ನಮ್ಮವರು ಹೇಳಿದರು. ಕೆಲವರು ಮಾತಿನ ನಡುವೆ ಕಾರಣವಿಲ್ಲದೆ ಹಾಡುತ್ತಿದ್ದರಂತೆ.

ಆಮೇಲೆ ಬೆಂಗಳೂರಿನ ದೊಡ್ಡ ಕಂಪನಿಗಳು ಬಂದವು. ಅವರು ಅಂಗಡಿಗಳಿಗೆ ಬಿಯರಿನ ಜೊತೆ ಫ್ರಿಜ್ಜನ್ನೂ ಕೊಟ್ಟರು. ನಮ್ಮ ಮುದ್ದೆ ಬಿಯರ್ ಒದ್ದೆ ಗೋಣಿಚೀಲದ ಕೆಳಗೆ ಬೆಚ್ಚಗೆ ಕೂತಿತ್ತು. ಧಣಿಗೆ ವಯಸ್ಸಾಯಿತು. ಮಕ್ಕಳಿಗೆ ಆಸಕ್ತಿ ಇರಲಿಲ್ಲ. ದಿನವೂ ಕಾಯಿಸುತ್ತಿದ್ದ ಹಂಡೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕಾಯಿಸುವ ಹಾಗಾಗಿ, ಒಂದು ದಿನ ಧಣಿ ಇನ್ನು ಮುಂದೆ ಇಲ್ಲ ಎಂದರು. ನಮ್ಮವರಿಗೆ ಪೀಣ್ಯದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು; ಬೆಳಗಿನ ರೈಲಿಗೆ ಹೋಗಿ ಬರತೊಡಗಿದರು. ಅಂಗಿಯಲ್ಲಿ ಆಸ್ಪತ್ರೆಯ ವಾಸನೆ. ಒಗೆಯುವ ಮುಂಚೆ ಮೂಸುವುದನ್ನು ನಾನು ಬಿಟ್ಟೆ.

ಮೇಷ್ಟ್ರು ತಮ್ಮ ಬಂದರಿನ ಊರಿಗೆ ವಾಪಸು ಹೊರಟರು. ಅತ್ತೆ ಒಂದು ಡಬ್ಬಿಯ ತುಂಬ ತುಪ್ಪ ಕಾಯಿಸಿಟ್ಟರು. ಟ್ರಂಕು ಕಟ್ಟಿಯಾಗಿತ್ತು, ಕುದುರೆಗಾಡಿ ಬಾಗಿಲಿಗೆ ಬಂದಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು, ಎಷ್ಟೋ ವರ್ಷಗಳಿಂದ ಕೇಳದೇ ಇದ್ದದ್ದನ್ನು ಕೇಳಿದರು. "ಮೇಷ್ಟ್ರೇ, ಅದು ಹೆಂಗಿರ್ತದೆ ರುಚಿ?"

ಮೇಷ್ಟ್ರು ಬೆಚ್ಚಿದರು. ನಮ್ಮವರು ಟ್ರಂಕನ್ನು ಕೆಳಗಿಟ್ಟರು.

"ಕಹಿ ಅಮ್ಮ" ಎಂದರು ಮೇಷ್ಟ್ರು. "ಸ್ವಲ್ಪ ಕಹಿಯೇ."

"ಕಹೀನಾ?" ಅತ್ತೆಗೆ ನಿಜವಾಗಿಯೂ ನಿರಾಸೆಯಾಯಿತು. "ಅಷ್ಟು ಸಿಹಿ ವಾಸ್ನೆ ಇರೋದನ್ನ ತಂದು ಕಹಿ ಮಾಡ್ತಿದ್ರಾ ಇಷ್ಟು ವರ್ಸ?"

ಮೇಷ್ಟ್ರು ಬಗ್ಗಿ ಅತ್ತೆಯ ಕಾಲು ಮುಟ್ಟಿದರು. ವಯಸ್ಸಿನಲ್ಲಿ ಇಬ್ಬರಿಗೂ ಅಂಥ ಅಂತರವೇನೂ ಇರಲಿಲ್ಲ. ಗಾಡಿ ಬೀದಿಯ ಕೊನೆ ಮುಟ್ಟುವವರೆಗೆ ಅವರು ತುಪ್ಪದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಕಡೆಗೇ ತಿರುಗಿ ಕೂತಿದ್ದರು.

ಸುದ್ದಿ ಎಮ್ಮೆಗಳಿಗೆ ಮಾತ್ರ ಮುಟ್ಟಿರಲಿಲ್ಲ. ಒಂದು ಬೆಳಗ್ಗೆ ಕೊಟ್ಟಿಗೆ ಖಾಲಿ. ಹಗ್ಗ ಹರಿದುಕೊಂಡು ಎರಡೂ ಹೋಗಿದ್ದವು. ಎಲ್ಲಿಗೆ ಎಂದು ಹುಡುಕುವ ಅಗತ್ಯವಿರಲಿಲ್ಲ. ನಾನೂ ಅತ್ತೆಯೂ ಹೋದಾಗ ಬೀಗ ಹಾಕಿದ ಗೇಟಿಗೆ ಮೂತಿ ಒತ್ತಿಕೊಂಡು ನಿಂತಿದ್ದವು. ಅತ್ತೆ ಬೈಯುತ್ತಾರೆಂದುಕೊಂಡೆ. ಅವರು ಹೋಗಿ ಕಲ್ಲುಬೆಂಚಿನ ಮೇಲೆ ಕೂತರು.

"ಬನ್ನಿ ಅತ್ತೆ, ಹೊಡ್ಕೊಂಡು ಹೋಗಣ. ಬಿಸಿಲೇರ್ತಿದೆ."

"ಒಂದೀಟು ನಿಂತ್ಕಳ್ಳಿ ಬುಡು" ಎಂದರು. "ಅವುಕ್ಕೆ ಹೆಂಗೆ ಹೇಳದು, ಮುಚ್ಚೋಯ್ತು ಅಂತ."

ನಾನೂ ಪಕ್ಕದಲ್ಲಿ ಕೂತೆ. ಕೆಲಹೊತ್ತಿನ ನಂತರ ಎಮ್ಮೆಗಳೇ ಬೇಸತ್ತು ಮನೆಯ ದಾರಿ ಹಿಡಿದವು.

ಅಪ್ಪನಿಗೆ ವಿಷಯ ತಿಳಿದು ಗುಬ್ಬಿಯಿಂದ ಕೊಬ್ಬರಿ ಹಿಂಡಿ ಕಳಿಸಿದರು. ದೊಡ್ಡೆಮ್ಮೆ ಮೂಸಿ ಮುಖ ತಿರುಗಿಸಿತು. ಅತ್ತೆ ಹಿಂಡಿಗೆ ಬೆಲ್ಲದ ನೀರು ಚಿಮುಕಿಸಿ, ಕೈಯಲ್ಲಿ ಹಿಡಿದು, ಮಗುವಿಗೆ ಹೇಳುವ ಹಾಗೆ ಏನೇನೋ ಹೇಳಿದರು. ಬೇರೆ ದಾರಿಯಿಲ್ಲವೆಂದು ಕಂಡ ಮೇಲೆ ಅದು ತಿಂದಿತು. ಹಾಲು ಮೊದಲಿನ ಹಾಗೆ ಬರಲಿಲ್ಲ, ಕೆನೆಯೂ ತೆಳ್ಳಗಾಯಿತು. ಕಾಫಿಗೆ ಸಾಲುತ್ತಿತ್ತು.